ಆಲಮೇಲದ ಲ

ಮೊದಲ ಜಾರಿದ್ದು ಮುದ್ದೇಬಿಹಾಳ.
ಇಪ್ಪತ್ತಾರು ವರ್ಷ ಮೈಕಿನ ಮುಂದ ಕುಂತು
ಒಂದ ಉಸಿರಿನಾಗ ಬಸವನ ಬಾಗೇವಾಡಿ ದಾಟಿಸಿ
ಮಂದೀನ ಅಲ್ಲೀತನಕ ಮುಟ್ಟಸತಿದ್ದ ಮನಷ್ಯಾ
ಆ ದಿನ ಬಾಗೇವಾಡಿಯೊಳಗ ನಿಂತಬಿಟ್ಟ.
ಸಂಜಿಗೆ ಡಿಪೋದಿಂದ ಸುದ್ದಿ:
ಈರಸಂಗಪ್ಪ ಕುಡದ ಡ್ಯೂಟಿಗೆ ಬರಾಕತ್ಯಾನ.

ಕುಡಿಯೂದಂದ್ರ ಅಂವಗ ಚಾ, ಅದೂ ಅರ್ಧ ಕಪ್ಪು.
ಬಾಯಿ ಮೂಸಿ ನೋಡ್ರಿ ಅಂತ
ಮ್ಯಾನೇಜರನ ಟೇಬಲ್ ಮುಂದ ನಿಲ್ಲಿಸಿದೆ.
ಮೂಸಲಿಲ್ಲ. ನಕ್ಕರು. ಆಮ್ಯಾಲ ನಗಲಿಲ್ಲ.

ಗಂಟಲದ ಡಾಕ್ಟರು, ಹಲ್ಲಿನ ಡಾಕ್ಟರು,
ಸೊಲ್ಲಾಪುರ, ಮಿರಜ, ನಡುವ ಒಮ್ಮೆ ದೃಷ್ಟಿ ತಗಸಿದ್ದು,
ಹದಿನಾಲ್ಕ ತಿಂಗಳ ಮ್ಯಾಲ ಬೆಳಗಾವಿಯೊಳಗ
ಸುಗಂಧಾ ಡಾಕ್ಟರು ನಾಲಿಗಿ ನೋಡಿದ್ರು.
ಸುಮ್ಮ ಇಟ್ರೂ ಅದು ಸಣ್ಣಗ ಮಿಡುಕತಿತ್ತು,
ಪಾತ್ರಿ ತಳದಾಗ ನೀರು ಕಾಯೂಮುಂದ ಅಲಗತದಲ್ಲ, ಹಂಗ.
ಮೋಟರ್ ನ್ಯೂರಾನ್, ಅಂದ್ರು.
ಮಿದುಳಿನ ಅಪ್ಪಣಿ ಒಯ್ಯೂ ನರಗೋಳು
ಒಂದೊಂದ ಕೆಲಸ ಬಿಡಾಕತ್ಯಾವ.
ಅಂವಾ ತೊದಲಿ ಕೇಳಿದ:
ನೋಟೀಸ ಕೊಡದನ ಬಿಟ್ಟಾವೇನ್ರಿ?

ಔಷಧ ಬಂದದ, ಅಂತ ಡಾಕ್ಟರು
ಚೀಟಿ ಹಿಂದ ಗೆರಿ ಎಳದು ತೋರಿಸಿದ್ರು.
ಒಂದ ಜೀನಿನ್ಯಾಗ ಅಕ್ಷರ ತಪ್ಪಿದಾವರಿಗೆ
ಬೆನ್ನಹುರಿ ನೀರಿನ್ಯಾಗ ಸೂಜಿ.
ತಪ್ಪ ಸುದ್ದಿ ಪ್ರೋಟೀನ್ ಆಗೂಕಿಂತ ಮೊದಲ
ದಾರ್‍ಯಾಗ ಹಿಡದು ಹರದ ಒಗಿತದ.
ಕೆಲವರಿಗೆ ರೋಗ ನಿಧಾನ ಆಗ್ಯದ,
ಒಬ್ಬಿಬ್ಬರ ಕೈಗೆ ಬಲಾ ತಿರಗಿ ಬಂದದ್ದೂ ಅದ.
ನೂರರಾಗ ಇಬ್ಬರಿಗೆ.
ರಕ್ತ ಹೋತು. ಆರ ವಾರಕ್ಕ ಕಾಗದ ಬಂತು.
ನಮ್ಮದು ಉಳದ ತೊಂಬತ್ತೆಂಟು.

ಆ ರಾತ್ರಿ ಬಸ್ಸಿನ್ಯಾಗ, ಲೋಕಾಪುರದ ಹತ್ರ,
ನಾ ಆ ಇಬ್ಬರ ಮ್ಯಾಲ ಸಿಟ್ಟಾದೆ.
ಯಾರವರು? ಎಲ್ಲಿ ಕುಂತಾರ?
ಜಮಖಂಡಿ ಬರೂದ್ರಾಗ ನಿದ್ದಿ ಹತ್ತಿತ್ತು.

ಮುರದ ನರದ ಎಳಿ ರಕ್ತದಾಗ ತೇಲತಾವಂತ.
ಅವನ್ನ ಅಳಿಯಾಕ ಈಗ ಬರತದ;
ಹೊಸಾ ಔಷಧ ನಾಟೇತಿಲ್ಲೋ ಅಂತ
ವರ್ಷಗಟ್ಟಲೆ ಕಾಯೂದು ಕಡಿಮಿ ಆದೀತು.
ನಿಮಗ ಇದರಿಂದ ಲಾಭ ಇಲ್ಲ, ಅಂದ್ರು ಸುಗಂಧಾ,
ನಾಲ್ಕ ತಿಂಗಳಿಗೊಂದ ಟ್ಯೂಬ್ ರಕ್ತ ಕೊಡತೀರೇನು?
ಅಂವಾ ತೋಳ ಚಾಚಾಕ ನೋಡಿದ. ತೋಳ ಏಳಲಿಲ್ಲ.
ಬೆರಳ ಎದ್ದಾವು. ಸಾಕು, ಅಂದ್ರು.

ದನಿ ಪೂರಾ ಹೋದ ಮ್ಯಾಲ
ಕಂಟ್ರೋಲ್ ರೂಮಿನ ದಾವಲಸಾಬ
ಕಪಾಟಿನಾಗಿಂದ ಒಂದ ಮೆಮೊರಿ ಕಾರ್ಡ್ ತಂದ.
ನಲವತ್ತ ನಿಮಿಷ. ಬರೇ ಊರು.
ತಂಗಿ ಮಗಾ ಮಡಿವಾಳಪ್ಪ, ಪಾಲಿಟೆಕ್ನಿಕ್ ಹುಡುಗ,
ಊರ ಕತ್ತರಿಸಿ ಕತ್ತರಿಸಿ ಅಕ್ಷರ ತಗದ.
ಕಣ್ಣ ಯಾವ ಅಕ್ಷರದ ಮ್ಯಾಲ ನಿಲ್ಲತದೋ
ಟ್ಯಾಬ್ ಅದನ್ನ ನುಡಿತದ.
ನೀರು ಬೇಡಿದ್ರೂ ದಯವಿಟ್ಟು ಗಮನಿಸಿ ಧಾಟಿ.
ನೊಣಾ ಓಡಸು ಅಂದ್ರ
ಎರಡನೇ ಅಂಕಣದಿಂದ ನೊಣಾ ಹೊಂಟಂಗ.

ನಾಕನೇ ದಿನ ಅಡಿಗಿಮನ್ಯಾಗ ಇದ್ದೆ.
ನಿಡಗುಂದಿಯ ನಿ, ಜಗ್ಗಿ ಉದ್ದ ಮಾಡಿದ್ದು,
ಆಲಮೇಲದ ಲ,
ಗೋಲಗುಮ್ಮಟದ ಮ್ಮ.
ನಡುನಡುವ ಗ್ಯಾಪು, ತಗ್ಗಿನ್ಯಾಗ ಬಸ್ಸು ಜಿಗದಂಗ.
ಲಗ್ನಾದಾಗಿಂದ ಅಂವಾ ನನ್ನ ಹೆಸರ ಹಿಡದಾವಲ್ಲ;
ಏ ಅಂತಿದ್ದ, ಇಲ್ಲಾ ಕೆಮ್ಮತಿದ್ದ.
ನಾ ಓ ಅನಲಿಲ್ಲ.
ಹಾಲ ಉಕ್ಕತಿತ್ತು, ಒಲಿ ಸಣ್ಣ ಮಾಡಿ
ಇನ್ನೊಮ್ಮೆ ಅಂತಾನೇನು ಅಂತ ಅಲ್ಲೇ ನಿಂತೆ.

ಹ್ವಾದ ವಾರ ಮತ್ತ ಬೆಳಗಾವಿ, ಮತ್ತೊಂದ ಟ್ಯೂಬು.
ಸ್ಟ್ಯಾಂಡಿನ್ಯಾಗ ಈಗ ಕಂಪ್ಯೂಟರ್ ಹುಡುಗಿ ಕೂಗತಾಳ,
ಸಿಂದಗಿ ಸರಿ ಅಂತಾಳ, ಆಲಮೇಲ ಆಕಿ ಬಾಯಾಗ
ಅಲಾಮೆಲ್ಲ ಆಗತದ.
ಗಾಲಿಕುರ್ಚಿ ಮ್ಯಾಲಿಂದ ಅಂವಾ ಕಣ್ಣ ಒತ್ತಿ
ವಾಲ್ಯೂಮ್ ಪೂರಾ ಏರಿಸಿ ತಿದ್ದಿದ:
ಆಲಮೇಲ.
ಚಾದಂಗಡಿ ಮಂದಿ ಮೈಕಿನ ಕಡೆ ತಲಿ ಎತ್ತಿದ್ರು,
ಒಬ್ಬ ಮುದುಕ ಚೀಲ ಹಿಡದು ಓಡೇ ಬಿಟ್ಟ.
ಬಸ್ಸಿನ್ನೂ ಬಂದಿದ್ದಿಲ್ಲ.
ಇಪ್ಪತ್ತ ನಿಮಿಷ ತಡಾ ಇತ್ತು.