ಕ್ಯಾಂಪಿನ ರಿಜಿಸ್ಟರು

ನಮ್ಮಪ್ಪ ಲಗಮಪ್ಪ, ಹೆಳವ. ಎತ್ತಿನ ಮ್ಯಾಲೆ ಕುಂತು
ಗೋಕಾಕ, ಹುಕ್ಕೇರಿ, ಸಂಕೇಶ್ವರದ ಓಣಿಗಳೊಳಗ
ನಸುಕಿನ್ಯಾಗ ಗಂಟಿ ಬಾರಿಸಿ ಒದರತಿದ್ದ:
"ಮೂಲಪುರುಷ ಮಲಗೌಡ, ಮಲಗೌಡಗ ಮೂವರು ಗಂಡಸಮಕ್ಕಳು…"
ಕೇಳಿದವರು ಒಂದು ಸೇರು ಜೋಳ ಹಾಕತಿದ್ರು,
ಮನಸು ತುಂಬಿದರ ಒಂದು ಕರು.

ನಾನು ಬೆಳಗಾವಿ ಕ್ಯಾಂಪಿನ್ಯಾಗ, ಇಗರ್ಜಿ ಹಿಂದಿನ ಕೋಣಿಯೊಳಗ
ಸತ್ತವರ ರಿಜಿಸ್ಟರಿಗೆ ಡಾಂಬರ ಗುಳಿಗಿ ಇಡುವ ಕಾರಕೂನ.

ಆಕಿ ಬಂದದ್ದು ಜಿಟಿಜಿಟಿ ಹಿಡಿದ ಮಂಗಳವಾರ.
ಹೆಸರು ಮೊರಾಗ್. ಸ್ಕಾಟ್ಲೆಂಡಿನ ಡಂಡೀ.
ಬಸ್ಸಿನ್ಯಾಗ ಟಿಕೀಟು ಕೊಟ್ಟು ರಿಟೈರ್ ಆದಾಕಿ.
"ಕರ್ನಲ್ಲನ ಹೆಂಡತಿ ಅಲ್ಲ, ಯಾರೂ ಅಲ್ಲ,
ನಾರು ನೂಲುವ ಗಿರಣಿ ಹುಡುಗಿ.
ನನ್ನ ಮುತ್ತಜ್ಜಿಯ ಅವ್ವ. ಎಲ್ಸ್‌ಪೆತ್.
ಕೂಸನ್ನ ಊರಿಗೆ ಕಳಿಸಿದರಂತ, ಆಕಿಯನ್ನ ಇಲ್ಲೇ ಇಟ್ಟರಂತ."

ಮೂರು ದಿನ ಹುಡುಕಿದಿವಿ. ಸಿಕ್ಕದ್ದು ಇಷ್ಟು:
'ಲಾಳ ಬಡಿಯುವ ಜಾನ್ ಗೌರ್ಲೆಯ ಹೆಂಡತಿ.
ಇಪ್ಪತ್ಮೂರು. ಜ್ವರ.'
ಗೌರ್ಲೆ ಅನ್ನೂದನ್ನ ನಾನು ಮೊದಲ ಗೌರವ್ವ ಅಂತ ಓದಿದ್ದೆ.

ಇನ್ನೊಂದು ಹಾಳಿಯೊಳಗ ಆಕಿ ಸಾಮಾನಿನ ಲಿಲಾವು:
ಕಬ್ಬಿಣದ ಕೆಟಲಿ, ಎರಡಾಣೆ.
ಉಣ್ಣೆ ಶಾಲು, ಒಂದು ಮೂಲಿ ಸುಟ್ಟದ್ದು, ಮೂರಾಣೆ.
ಕೊಂಡಾಕಿ: ನೇಟಿವ್ ಹೆಂಗಸು.

ಮೊರಾಗ್ ಅಲ್ಲೇ ಬೆರಳಿಟ್ಟು ಕೇಳಿದಳು,
"ಈಕಿ ಯಾರು?"
"ಹೆಸರು ಬರದಿಲ್ಲ."
"ನಿಮ್ಮವ್ವನ ಅಜ್ಜಿಯ ಹೆಸರೇನು?"

ನಮ್ಮಪ್ಪನ ಬಾಯೊಳಗ ಸಾವಿರದ ನೂರು ಮನಿ.
ಅದರೊಳಗ ಹೆಣ್ಣು ಅಂದ್ರ
ಕೊಟ್ಟ ಮನಿ, ತಂದ ಮನಿ.

ಫೋನ್ ಹಚ್ಚಿದೆ. ಅವ್ವ ರೊಟ್ಟಿ ಬಡಿಯೂದು ಬಿಡಲಿಲ್ಲ:
"ನನ್ನವ್ವ ಸುಂಕವ್ವ. ಆಕಿ ಅವ್ವ…
ತಡಿ, ಹೊತ್ತತೈತಿ.
ಹೆಸರು ನೆಪ್ಪಿಲ್ಲಪಾ. ಎಡಗೈಲೆ ಬೀಸತಿದ್ಲಂತ.
ಬೀಸೂಕಲ್ಲು ತಿರುವು ತಿರುಗಿಸಿದಂಗ ಆಗಿ
ಅತ್ತಿ ಬೈತಿದ್ಲಂತ. ನಾನೂ ಹಂಗ, ನೀನೂ ಹಂಗ."

ಹೇಳಿದೆ. ಮೊರಾಗ್ ತನ್ನ ನೋಟಬುಕ್ಕಿನ್ಯಾಗ
ಎಲ್ಸ್‌ಪೆತ್ ಕೆಳಗ ಒಂದು ಸಾಲು ಬಿಟ್ಟು
'ಎಡಚಿ' ಅಂತ ಬರಕೊಂಡಳು. ಯಾಕ ಅಂತ ನಾ ಕೇಳಲಿಲ್ಲ.

ಹೊಂಟಾಗ ಕವರು ಕೊಡಾಕ ಬಂದಳು. ಒಲ್ಲೆ ಅಂದೆ.
ನಮ್ಮ ಮನಿತನದಾಗ ಜೋಳ ತಗೋತೀವಿ ಅಂದೆ, ಚಾಷ್ಟಿಗೆ.
ಆಕಿ ನಗಲಿಲ್ಲ.
ಮರುದಿನ ರವಿವಾರ ಪೇಟಿಯಿಂದ
ಪ್ಲಾಸ್ಟಿಕ್ ಚೀಲದಾಗ ಒಂದು ಕಿಲೋ ಬಿಳಿಜೋಳ,
ಮಳಿಗೆ ತೊಯ್ದದ್ದು, ಮೇಜಿನ ಮ್ಯಾಲೆ.

ರಸೀದಿ ಹರಿದು ಬರದೆ, ಎಡಗೈಲೆ:
'ಎಲ್ಸ್‌ಪೆತ್ ಮನಿಯಿಂದ. ಸಂದಿತು.'