ಎದಿ ಅಳತಿ

ರಾಜ್ಯ ಮಂತ್ರಿ ಅಂದ್ರ ಯಾವ ರಾಜ್ಯದ್ದೋ ಅಂತ
ಇನ್ನೂ ಕೇಳತಾಳ ನೀಲವ್ವತ್ತಿ, ಅಣ್ಣಿಗೇರಿಯಾಗ.
ದಿಲ್ಲಿದು ಅತ್ತಿ, ರಕ್ಷಣಾ ಖಾತೆ, ಸಣ್ಣ ಮಂತ್ರಿ.
'ಹಂಗಾದ್ರ ತೋಪು ನಿನ್ನ ಕೈಯಾಗ ಅದಾವೇನು?'
ಇಲ್ಲ. ತೋಪು ದೊಡ್ಡವರ ಮೇಜಿಗೆ ಹೋಗತಾವ.
ನನ್ನ ಕಡೆ ಬರೋದು ಕ್ಯಾಂಟೀನು, ದಂಡಿನ ಜಾಗಾ,
ಎನ್‌ಸಿಸಿ ಹುಡುಗರ ಬೂಟು, ಪಿಂಚಣಿ,
ಮತ್ತ ಲೋಕಸಭಾದಾಗ ನಿಂತು ಓದಲಿಕ್ಕೆ
ಯಾರೋ ಬರದಿಟ್ಟ ಉತ್ತರ.

ಇವತ್ತ ಹುಬ್ಬಳ್ಳಿ ನೆಹರು ಮೈದಾನದಾಗ ಮಾಜಿ ಸೈನಿಕರ ಮೇಳಾ.
ಇದ ಮೈದಾನ. ಎಂಬತ್ನಾಕರ ಭರ್ತಿ.
ಬರೇ ಚಡ್ಡಿ ಮ್ಯಾಲೆ ಸಾಲು ಹಚ್ಚಿದ್ವಿ, ನಸುಕಿನ್ಯಾಗ.
ಟೇಪು ಹಿಡದಾಂವ ಅಂದ: ಉಸರ ತಗೋ.
ತಗೊಂಡೆ. ಇನ್ನೂ ತಗೋ.
ಅರ್ಧ ಇಂಚು ಕಡಿಮಿ ಬಿತ್ತು.
ಸೀಮಿಸುಣ್ಣದಿಂದ ಎದಿ ಮ್ಯಾಲೆ ಒಂದು ಗೀಟು;
ಅಣ್ಣಿಗೇರಿ ಮುಟ್ಟೂದ್ರಾಗ ಬೆವರಿಗೆ ಅಳಿಸಿತ್ತು.
ಅಪ್ಪ ಏನೂ ಕೇಳಲಿಲ್ಲ, ಹತ್ತಿ ತೂಕಕ್ಕ ಕೂಡಿಸಿದ.
ಬಾಜೂಕ ನಿಂತಿದ್ದ ಮಾಬುಸಾಬ ನದಾಫ ಪಾಸಾದ.

ಗೌರವ ವಂದನೆ. ಸಾಲಿನ ಮುಂದ ನಡದೆ,
ಹೆಜ್ಜಿ ಹೆಂಗ ಇಡಬೇಕಂತ ಕ್ಯಾಪ್ಟನ್ ಮದಲ ಹೇಳಿಕೊಟ್ಟಿದ್ದ.
ಕೊನೀಗೆ ಮಾಬುಸಾಬ, ಮಾಜಿ ಹವಾಲ್ದಾರ.
ಎಡಗಾಲು ಮೊಣಕಾಲಿನ ಕೆಳಗ ಇಲ್ಲ.
ಸೆಲ್ಯೂಟ್ ಹೊಡದ. ಸಾಹೇಬ್ರ ಅಂದ, ಹೆಸರು ಹಿಡಿಲಿಲ್ಲ.
ಅವನ ಅರ್ಜಿ ನನ್ನ ಕಡೆನ ಬಂದಿತ್ತಂತ, ಹ್ವಾದ ವರ್ಷ.
'ಪರಿಶೀಲಿಸಲಾಗಿದೆ'. ಕೆಳಗ ಸಹಿ. ಸಹಿ ನಂದ.
ಓದಿದ್ದು ನೆನಪಿಲ್ಲ.

ಬ್ಯಾಂಡು ನಿಂತು, ಮೈಕು ನನ್ನ ಕಡೆ ಸರಿಸಿದ್ರು.
ಉಸರ ತಗೊಂಡೆ.
ಕೋಟಿನ ಗುಂಡಿ ಬಿಗೀ ಆತು.
ಇನ್ನೂ ತಗೋ, ಅಂದಂಗಾತು ಯಾರೋ.