ಸೀಟಿ

ಚಿದ್ರಿ ರಸ್ತೆಯಾಚೆ, ಜಂಬಿಟ್ಟಿಗೆಯ ಕೆಂಪು ಮೈಮೇಲೆ
ಯಾರೋ ಹಸಿರು ಶಾಲು ಹೊದಿಸಿದ್ದರು.
ಹಳೆಯ ವಿದ್ಯಾರ್ಥಿ ಘಾಳೆಪ್ಪ ಅಲ್ಲಿ ಹುಲ್ಲಿಗೆ ನೀರು ಬಿಡುವವ.
‘ಬರ್ರಿ ಸರ್, ದೇಶದ ದೊಡ್ಡ ದೊಡ್ಡ ಆಟಗಾರರು ಬಂದಾರ,
ಪಾಸು ನನ್ನ ಕಡಿ ಅದ.’

ಮೂವತ್ತಾರು ವರ್ಷ ಭಾಲ್ಕಿಯಲ್ಲಿ ಪೀಟಿ ಮಾಸ್ತರ ನಾನು.
ಕಬಡ್ಡಿ, ಖೋ ಖೋ, ಒಂದಿಷ್ಟು ವಾಲಿಬಾಲು.
ನನ್ನ ದನಿಗೆ ಪಕ್ಕದ ಹೊಲದ ಎತ್ತುಗಳೂ
ಸಾಲಿನಲ್ಲಿ ನಿಲ್ಲುತ್ತಿದ್ದವು.
ನಿವೃತ್ತಿಯಾದ ಮೇಲೂ ಕೊರಳಲ್ಲಿ ಸೀಟಿ,
ಕೆಲವರಿಗೆ ಲಿಂಗ, ಕೆಲವರಿಗೆ ತಾಯಿತ ಇದ್ದ ಹಾಗೆ.

ಗೇಟಿನ ಹುಡುಗಿ ಅದನ್ನು ನೋಡಿ ನಕ್ಕಳು:
‘ಅಂಕಲ್, ಇದನ್ನ ಒಳಗ ಊದಬ್ಯಾಡ್ರಿ ಮತ್ತ.’
ಅಂಗಿಯೊಳಗೆ ಇಳಿಬಿಟ್ಟೆ. ಎದೆಗೆ ತಣ್ಣಗೆ ತಾಗಿತು.

ಏನು ಹೇಳಲಿ ಆ ಆಟದ ಕಥೆ!
ಎದುರಾಳಿ ಎಲ್ಲಿದ್ದಾನೆ ಗೊತ್ತಾಗುವುದಿಲ್ಲ.
ಎಣಿಕೆ ಕಡಿಮೆಯಾದವನೇ ಗೆದ್ದವನಂತೆ,
ಹಾಗಿದ್ದರೆ ನನ್ನ ಹುಡುಗರು ಗಾಡಿ ತುಂಬ ಪದಕ ತರುತ್ತಿದ್ದರು.
ಚೆಂಡು ಹೊಡೆದದ್ದು ಕಾಣುತ್ತದೆ, ಹೋದದ್ದು ಕಾಣುವುದಿಲ್ಲ.
ಎಲ್ಲರೂ ಕತ್ತೆತ್ತಿದಾಗ ನಾನೂ ಎತ್ತಿದೆ,
ಹದ್ದೊಂದನ್ನು ನೋಡಿ ‘ಶಾಬಾಸ್’ ಅಂದೆ.

ಆಮೇಲೆ ಆ ಮೌನ.
ಬಿಳಿ ಟೋಪಿಯವ ಫಲಕ ಎತ್ತಿದನೆಂದರೆ
ಅಷ್ಟೂ ಮಂದಿ ಒಮ್ಮೆಲೇ ಮೂಕ.
ನನ್ನ ಬಾಯಲ್ಲಿ ಶೇಂಗಾ, ಅಗಿಯಲು ಧೈರ್ಯವಿಲ್ಲ.
ಟಿಟ್ಟಿಭ ಮಾತ್ರ ಯಾರ ಮಾತೂ ಕೇಳಲಿಲ್ಲ,
ಮೇಲೆ ಗಿರಕಿ ಹೊಡೆಯುವ ತರಬೇತಿ ವಿಮಾನವೂ.

ಹನ್ನೊಂದನೆಯ ಕುಳಿಯ ದಾರಿಯಲ್ಲಿ
ಹಗ್ಗಕ್ಕೆ ಹೊಟ್ಟೆ ತಾಗಿಸಿ ನಿಂತಿದ್ದೆ.
ಚೆಂಡು ದಾರಿ ತಪ್ಪಿ ಒಣಹುಲ್ಲಿನಲ್ಲಿ ಕೂತಿತ್ತು.
ತೆಳ್ಳನೆಯ ಹುಡುಗ, ಎಲ್ಲಿಯವನೋ,
ಬಾಗಿದ, ಕೋಲನ್ನು ಚೆಂಡಿನ ಹಿಂದೆ ಇಟ್ಟ,
ಥಟ್ಟನೆ ಹಿಂದೆ ಸರಿದು ಕೈ ಎತ್ತಿದ.

ಘಾಳೆಪ್ಪ ಕಿವಿಯಲ್ಲಿ ಅಂದ:
‘ಚೆಂಡು ಅಲುಗ್ಯಾಡ್ತಂತ್ರಿ. ತಾನೇ ಹೇಳ್ಯಾನ.
ಒಂದು ಹೊಡೆತ ಜುರ್ಮಾನಿ.’
ಯಾರು ನೋಡಿದರು?
‘ಯಾರೂ ನೋಡಿಲ್ರಿ.’

ಎಷ್ಟು ಅಲುಗಿತ್ತು?
‘ಜ್ವಾಳದ ಕಾಳಿನಷ್ಟ.’

ಹುಮನಾಬಾದ, ಎಂಬತ್ತೊಂಬತ್ತು, ಜಿಲ್ಲೆಯ ಫೈನಲ್.
ಬರಬೇಕಾದ ತೀರ್ಪುಗಾರ ಬಂದಿರಲಿಲ್ಲ, ಸೀಟಿ ನನ್ನ ಬಾಯಲ್ಲಿ.
ನಮ್ಮ ವೈಜಿನಾಥ ಕೊನೆಯ ದಾಳಿಗೆ ಹೋದ.
ಹಲಗೆ ಬಡಿಯುತ್ತಿದ್ದರು, ಗಿಡದ ತುಂಬ ಮಂದಿ,
ಐದು ಜನ ಅವನ ಮೇಲೆ,
ಅಷ್ಟು ಗದ್ದಲದ ನಡುವೆ ಅವನ ದಮ್ಮು
ನೂಲಿನ ಹಾಗೆ ಹರಿಯಿತು.
ಮತ್ತೆ ಗಂಟು ಹಾಕಿಕೊಂಡಿತು.
ಆಮೇಲೆ ಅವನ ಬೆರಳು ಗೆರೆ ಮುಟ್ಟಿತು.

ನನಗೆ ಕೇಳಿಸಿತ್ತು.
ಕಾಲು ಹಿಡಿದಿದ್ದ ಇಸ್ಮಾಯಿಲನಿಗೂ ಕೇಳಿಸಿತ್ತು.
‘ಸರ್’ ಅಂದ, ಮಣ್ಣಿನಲ್ಲಿ ಬಿದ್ದುಕೊಂಡೇ.
ಅಷ್ಟೇ ಅಂದದ್ದು.
ನಾನು ಸೀಟಿ ಊದಿದೆ,
ಊದಿ, ನಮ್ಮ ಕಡೆ ಕೈ ಮಾಡಿದೆ.

ಆ ಢಾಲು ಈಗಲೂ ಹೆಡ್ಮಾಸ್ತರರ ಕೋಣೆಯಲ್ಲಿದೆ.
ಪ್ರತಿ ಆಗಸ್ಟಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದವನು ನಾನೇ.
ಬೇರೆಯವರಿಗೆ ಕೊಡುತ್ತಿರಲಿಲ್ಲ.

ಸಂಜೆ ಫಲಕದ ಮೇಲೆ ಆ ಹುಡುಗನ ಹೆಸರು ಏಳನೆಯದೋ ಎಂಟನೆಯದೋ.
ಆ ಒಂದು ಹೊಡೆತದಿಂದ ಏನಾದರೂ ಹೋಯಿತೇನೋ, ಕೇಳಿದೆ.
‘ಲಕ್ಷದ ಮ್ಯಾಲ ಹೋಯ್ತು ಸರ್,’ ಅಂದ ಘಾಳೆಪ್ಪ,
ತನ್ನ ಕಿಸೆಯಿಂದ ಹೋದ ಹಾಗೆ.
ಹುಡುಗ ಮಾತ್ರ ಕಲ್ಲಂಗಡಿ ತಿನ್ನುತ್ತ ನಿಂತಿದ್ದ,
ಬೀಜ ದೂರ ಉಗುಳುತ್ತ.

ಬೀದರ ಬಸ್ ಸ್ಟ್ಯಾಂಡಿನಲ್ಲಿ ಭಾಲ್ಕಿಯ ಬಸ್ಸು ತುಂಬಿತ್ತು.
ಪಕ್ಕದ್ದು ‘ಹುಮನಾಬಾದ, ಹುಮನಾಬಾದ’ ಎಂದು
ಒಂದೇ ದಮ್ಮಿನಲ್ಲಿ ಕೂಗುತ್ತಿತ್ತು.
ಇಸ್ಮಾಯಿಲ ಅಲ್ಲಿ ಟಾಯರ್ ಅಂಗಡಿ ಇಟ್ಟಿದ್ದಾನೆಂದು
ಯಾವಾಗಲೋ ಯಾರೋ ಹೇಳಿದ್ದರು.
ಇದ್ದಾನೋ. ಗುರುತು ಹಿಡಿದಾನೋ.

ಕಂಡಕ್ಟರ ಸೀಟಿ ಊದಿದ.
ನನ್ನ ಒಂದು ಕಾಲು ಮೆಟ್ಟಿಲ ಮೇಲೆ,
ಇನ್ನೊಂದು ಕೆಂಪು ಧೂಳಿನಲ್ಲಿ.
ಗೆರೆ ದಾಟಿದೆನೋ ಇಲ್ಲವೋ ನೋಡಲು
ಅಲ್ಲಿ ಯಾರೂ ನಿಂತಿರಲಿಲ್ಲ.